ಸೆರೆಮನೆಯ ಮೂಲಕ ಬಂದ ಅರ್ಜಿಗಳು: ಕಲ್ಕತ್ತದ ಒಂದು ಅಧ್ಯಾಯ

ವಕೀಲರಿಲ್ಲದ ಬಂದಿಯ ಪತ್ರವನ್ನೇ ನ್ಯಾಯಾಲಯವು ರಿಟ್ ಅರ್ಜಿಯೆಂದು ಅಂಗೀಕರಿಸಿದ ಚರಿತ್ರೆಯನ್ನು ತಿಹಾರ್ ಸೆರೆಮನೆಯ ಸುನೀಲ್ ಬಾತ್ರಾ ಪ್ರಕರಣದಿಂದ (1979) ಆರಂಭಿಸುವುದು ವಾಡಿಕೆ. ಅದರ ಪೂರ್ವರೂಪವನ್ನು ಪಶ್ಚಿಮ ಬಂಗಾಳದ ಬಂದಿಗಳಲ್ಲಿ ಕಾಣಬಹುದೆಂದು ನಾವು ಭಾವಿಸುತ್ತೇವೆ.

ಸಂವಿಧಾನದ 22ನೆಯ ವಿಧಿಯು ಬಂಧಿತನಿಗೆ ನ್ಯಾಯವಾದಿಯ ನೆರವಿನ ಹಕ್ಕನ್ನು ನೀಡಿ, ಮುನ್ನೆಚ್ಚರಿಕೆಯ ಬಂಧನಕ್ಕೆ ಒಳಗಾದವನನ್ನು ಅದರಿಂದ ಹೊರಗಿಡುತ್ತದೆ. ಸರ್ಕಾರಕ್ಕೆ ಮನವಿ ಸಲ್ಲಿಸುವ ಅವಕಾಶ ಮತ್ತು 32ನೆಯ ವಿಧಿಯ ಆಶ್ರಯ, ಇವು ಅವನಿಗೆ ಉಳಿದ ಸಾಧನಗಳಲ್ಲಿ ಸೇರಿವೆ. 1970ರ ದಶಕದ ಆರಂಭದಲ್ಲಿ ಮೀಸಾ (1971) ಮೊದಲಾದ ಕಾಯಿದೆಗಳಡಿ ಬಂಧಿತರಾದ ಅನೇಕರು ಸೆರೆಮನೆಯ ಮೂಲಕವೇ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಕಳುಹಿಸಿದರು. ಅಂಥವರ ಪರವಾಗಿ ವಾದಿಸಲು ನ್ಯಾಯಾಲಯವು ನ್ಯಾಯಮಿತ್ರರನ್ನು ನೇಮಿಸುತ್ತಿತ್ತು.

ಹಲವು ಅರ್ಜಿಗಳು ವಜಾ ಆದವು. ಹರಾಧನ್ ಸಾಹಾ ಪ್ರಕರಣದಲ್ಲಿ (1974) ಮೀಸಾ ಕಾಯಿದೆಯೇ ಊರ್ಜಿತವಾಯಿತು. ಆದರೂ ಬಂಗಾಳದ ಬಂದಿಗಳ ಪ್ರಕರಣಗಳು ಶಾಶ್ವತವಾದ ಎರಡು ತತ್ವಗಳನ್ನು ಉಳಿಸಿದವು. ಬಂದಿಯ ಮನವಿಯನ್ನು ಕಲ್ಕತ್ತದ ರೈಟರ್ಸ್ ಬಿಲ್ಡಿಂಗಿನಲ್ಲಿದ್ದ ಸರ್ಕಾರವು ಸಲಹಾ ಮಂಡಲಿಯ ಅಭಿಪ್ರಾಯಕ್ಕೆ ಕಾಯದೆ, ಸ್ವತಂತ್ರವಾಗಿ, ವಿಳಂಬವಿಲ್ಲದೆ ಪರಿಶೀಲಿಸಬೇಕೆಂದು ಜಯನಾರಾಯಣ ಸುಕುಲ್ ಪ್ರಕರಣ (1969) ವಿಧಿಸಿತು. ಬಂಧನಕ್ಕೆ ಆಧಾರವಾದ ಮೂಲ ಸಂಗತಿಗಳನ್ನು ಬಂದಿಗೆ ತಿಳಿಸಲೇಬೇಕೆಂದು ಖುದಿರಾಂ ದಾಸ್ ಪ್ರಕರಣ (1974) ಸ್ಪಷ್ಟಪಡಿಸಿತು. ಆರೋಪವನ್ನೇ ಅರಿಯದವನು ಮನವಿಯಲ್ಲಿ ಏನನ್ನು ತಾನೆ ಬರೆದಾನು?

ತುರ್ತುಪರಿಸ್ಥಿತಿಯಲ್ಲಿ, 1976ರ ಏಪ್ರಿಲ್ 28ರ ತೀರ್ಪಿನಿಂದ, ಈ ಬಾಗಿಲೂ ಮುಚ್ಚಿತು. ತುರ್ತುಪರಿಸ್ಥಿತಿಯಲ್ಲಿಯೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಅಮಾನತಿನಲ್ಲಿಡಲಾಗದೆಂದು ಸಂವಿಧಾನದ 44ನೆಯ ತಿದ್ದುಪಡಿ (1978) ಸಾರಿತು. ಬಾತ್ರಾನ ಪತ್ರವನ್ನು ಈ ಹಿನ್ನೆಲೆಯಲ್ಲಿ ಓದಿದಾಗ, ಅದು ನ್ಯಾಯಾಲಯದ ಔದಾರ್ಯದಷ್ಟೇ ಹೆಸರುಳಿಯದ ಬಂದಿಗಳ ಪಟ್ಟುಬಿಡದ ಬರವಣಿಗೆಗೂ ಋಣಿಯಾಗಿದೆಯೆಂಬುದು ಮನವರಿಕೆಯಾಗುತ್ತದೆ.