3,000 ಮನೆ ಕಟ್ಟಿದರು, ಅಂಗಡಿ ಮರೆತರು: ಯುದ್ಧಕಾಲದ ಬಡಾವಣೆ ಲಿಂಡಾ ವಿಸ್ಟಾ

ಮಿಲಿಟರಿ ಕ್ವಾರ್ಟರ್ಸ್ ಅಂದ್ರೆ ಎಲ್ಲರ ಕಣ್ಣ ಮುಂದೆ ಬರೋದು ಒಂದೇ ಚಿತ್ರ. ಒಂದೇ ಥರದ ಮನೆಗಳ ಸಾಲು, ಒಂದೇ ಬಣ್ಣ, ಗೋಡೆ ಮೇಲೆ ನಂಬರ್. ಇಂಥ ಮನೆಗಳನ್ನು ಸಾವಿರಗಟ್ಟಲೆ, ಅದೂ ಅವಸರದಲ್ಲಿ ಕಟ್ಟಿದ್ದು ಎರಡನೇ ಮಹಾಯುದ್ಧದ ಹೊತ್ತಿನ ಅಮೆರಿಕ. ಅವುಗಳಲ್ಲಿ ಹೆಸರಾದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ನಗರದ ಲಿಂಡಾ ವಿಸ್ಟಾ.

ಅದಕ್ಕೂ ಮೊದಲು ಅಲ್ಲಿ ಸೇನೆಯ ಮನೆ ಸಿಗುತ್ತಿದ್ದದ್ದು ಮುಖ್ಯವಾಗಿ ಅಧಿಕಾರಿಗಳಿಗೆ. ಸಾಮಾನ್ಯ ಸಿಪಾಯಿಗೆ ಬ್ಯಾರಕ್‌ನಲ್ಲಿ ಒಂದು ಮಂಚ, ಅಷ್ಟೇ. ಹೆಂಡತಿ ಮಕ್ಕಳಿದ್ದರೆ ಅದು ಅವನ ತಲೆನೋವು. 1940ರಲ್ಲಿ ಸೇನೆ ದೊಡ್ಡದಾಗತೊಡಗಿದಾಗ ಈ ಲೆಕ್ಕ ಕೈಕೊಟ್ಟಿತು. ಸ್ಯಾನ್ ಡಿಯಾಗೋದಲ್ಲಿ ನೌಕಾಪಡೆಯ ನೆಲೆ ಇತ್ತು, ಬಂದರಿನ ಹತ್ತಿರವೇ ಕನ್ಸಾಲಿಡೇಟೆಡ್ ಕಂಪನಿಯ ವಿಮಾನ ಕಾರ್ಖಾನೆ. 1940ರಲ್ಲಿ ಸುಮಾರು 2 ಲಕ್ಷ ಇದ್ದ ನಗರದ ಜನಸಂಖ್ಯೆ 1950ಕ್ಕೆ 3.3 ಲಕ್ಷ ದಾಟಿತು. ಬಾಡಿಗೆಗೆ ಒಂದು ಕೋಣೆ ಸಿಕ್ಕರೂ ಪುಣ್ಯ. ಟ್ರೈಲರ್ ಗಾಡಿಯಲ್ಲೇ ಸಂಸಾರ ಹೂಡಿದವರೂ ಇದ್ದರು.

ಈ ಕಾರ್ಖಾನೆಗೂ ಬೆಂಗಳೂರಿಗೂ ಒಂದು ನಂಟಿದೆ. ಅಲ್ಲಿ ತಯಾರಾಗುತ್ತಿದ್ದ ಕ್ಯಾಟಲೀನಾ ವಿಮಾನಗಳು ನೀರಿನ ಮೇಲೂ ಇಳಿಯುತ್ತಿದ್ದವು. ಯುದ್ಧಕಾಲದಲ್ಲಿ ಅವು ರಿಪೇರಿಗೆ ಬರುತ್ತಿದ್ದದ್ದು ನಮ್ಮ ಎಚ್‌ಎಎಲ್‌ಗೇ.

1940ರ ಅಕ್ಟೋಬರ್‌ನಲ್ಲಿ ಲ್ಯಾನ್‌ಹಮ್ ಕಾಯ್ದೆ ಬಂತು. ಟೆಕ್ಸಾಸ್‌ನ ಸಂಸದ ಫ್ರಿಟ್ಜ್ ಲ್ಯಾನ್‌ಹಮ್ ಹೆಸರು ಅದಕ್ಕೆ. ಸಂಸಾರಸ್ಥ ಸಿಪಾಯಿಗಳಿಗೆ, ನಾವಿಕರಿಗೆ, ರಕ್ಷಣಾ ಕಾರ್ಖಾನೆ ಕಾರ್ಮಿಕರಿಗೆ ಮನೆ ಕಟ್ಟಿಸಲು 15 ಕೋಟಿ ಡಾಲರ್ ಕೊಟ್ಟರು. ಒಂದು ಮನೆಗೆ ಇಷ್ಟೇ ಖರ್ಚು ಅಂತ ಮಿತಿಯನ್ನೂ ಹಾಕಿದರು.

ಈ ಹಣದಲ್ಲೇ ಎದ್ದದ್ದು ಲಿಂಡಾ ವಿಸ್ಟಾ. 1941ರಲ್ಲಿ ನಗರದ ಉತ್ತರಕ್ಕಿದ್ದ ಬರಡು ಎತ್ತರದ ಬಯಲಲ್ಲಿ ಸುಮಾರು 3,000 ಮನೆ, 300 ದಿನದ ಗಡುವು. ಒಂದು ಮನೆ ಮುಗಿಸಿ ಇನ್ನೊಂದು ಶುರು ಮಾಡೋ ಪದ್ಧತಿ ಇಲ್ಲಿ ನಡೆಯುವಂತಿರಲಿಲ್ಲ. ಮರವನ್ನು ಮೊದಲೇ ಅಳತೆಗೆ ಕತ್ತರಿಸಿಟ್ಟುಕೊಳ್ಳೋದು, ಒಂದು ತಂಡ ಬುನಾದಿ ಹಾಕಿ ಮುಂದೆ ಹೋದರೆ ಹಿಂದೆಯೇ ಗೋಡೆಯವರು, ಅವರ ಹಿಂದೆ ಛಾವಣಿಯವರು. ಕಾರ್ಖಾನೆಯಲ್ಲಿ ವಸ್ತು ಸರಿಯುತ್ತೆ, ಇಲ್ಲಿ ಜನ ಸರಿದರು. ಒಂದಂತಸ್ತಿನ ಪುಟ್ಟ ಮನೆಗಳು, ಅಲಂಕಾರ ಅನ್ನೋದೇ ಇಲ್ಲ.

ಮನೆಗಳೇನೋ ಆದವು. ಆದ್ರೆ ಕೀ ತಗೊಂಡು ಒಳಗೆ ಬಂದ ಹೆಂಗಸರಿಗೆ ಹಾಲು ಬ್ರೆಡ್ಡಿಗೆ ಎಲ್ಲಿಗೆ ಹೋಗಬೇಕು ಅನ್ನೋದೇ ಸಮಸ್ಯೆ. ಹತ್ತಿರದಲ್ಲಿ ಅಂಗಡಿ ಇಲ್ಲ, ಮಕ್ಕಳಿಗೆ ಶಾಲೆ ಇಲ್ಲ. ಮೊದಲ ಕಾಯ್ದೆಯ ಕಣ್ಣೆಲ್ಲಾ ಮನೆಗಳ ಮೇಲೇ ಇತ್ತು. ಶಾಲೆ, ಆಸ್ಪತ್ರೆ, ನೀರು, ಚರಂಡಿಗೆ ಅಂತ ಬೇರೆ ಹಣ ಬಂದಿದ್ದು 1941ರ ಜೂನ್ ತಿದ್ದುಪಡಿಯಲ್ಲಿ. ಅಷ್ಟರಲ್ಲಿ ಯುದ್ಧ ಬಂದು 1942ರಲ್ಲಿ ಟೈರ್‌ಗೂ ಪೆಟ್ರೋಲ್‌ಗೂ ರೇಷನ್ ಶುರುವಾಯ್ತು. ಕಾರಿದ್ದವರೂ ಪೇಟೆಗೆ ಹೋಗಲು ಲೆಕ್ಕ ಹಾಕಬೇಕಾಯ್ತು. ಸಾವಿರಾರು ಗಿರಾಕಿಗಳು ಕೈಯಲ್ಲಿ ಸಂಬಳ ಹಿಡಿದು ಕೂತಿದ್ದಾರೆ, ಮಾರೋರೇ ಇಲ್ಲ. ಯಾವ ವ್ಯಾಪಾರಿಗೂ ಹೊಟ್ಟೆ ಉರಿಯೋ ವಿಷಯ!

ಕೊನೆಗೆ ಯುದ್ಧದ ನಡುವೆಯೇ ಅಲ್ಲೊಂದು ಶಾಪಿಂಗ್ ಸೆಂಟರ್ ಕಟ್ಟಿದರು. ವಾಸ್ತುಶಿಲ್ಪಿಗಳು ವಿಟ್ನಿ ಸ್ಮಿತ್ ಮತ್ತು ಅರ್ಲ್ ಗಿಬರ್‌ಸನ್. ಲಿಂಡಾ ವಿಸ್ಟಾದಲ್ಲಿ ಕಲಿಯೋದಕ್ಕೆ ಏನಾದರೂ ಇದ್ದರೆ ಅದು ಮನೆಗಳಲ್ಲಲ್ಲ, ಈ ಕಟ್ಟಡದಲ್ಲಿ. ಅಂಗಡಿಗಳ ಮುಖ ರಸ್ತೆಗಿರಲಿಲ್ಲ, ನಡುವಿನ ಹುಲ್ಲುಹಾಸಿಗಿತ್ತು. ಕಾರುಗಳೆಲ್ಲ ಹಿಂಬದಿಗೆ. ತಾಯಂದಿರು ಸಾಮಾನು ಕೊಳ್ಳುವಾಗ ಮಕ್ಕಳು ಗಾಡಿ ಭಯವಿಲ್ಲದೆ ಹುಲ್ಲಿನ ಮೇಲೆ ಓಡಾಡಬಹುದಿತ್ತು. ಇವತ್ತಿನ ಮಾಲ್‌ಗಳು ಇದೇ ಲೆಕ್ಕಾಚಾರದ ಮೇಲೆ ನಿಂತಿವೆ. ಛಾವಣಿ ಮತ್ತು ಎಸಿ ಆಮೇಲೆ ಬಂದವು.

1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆದ ಮೇಲೆ ದೇಶದ ಬೇರೆ ಕಡೆ ಕಟ್ಟಿದ ಮನೆಗಳು ಇನ್ನೂ ಸಪೂರ. ತಾಮ್ರ, ಉಕ್ಕು ಹಡಗು ವಿಮಾನಗಳಿಗೆ ಹೋಯ್ತು. ಪ್ಲೈವುಡ್, ಜಿಪ್ಸಮ್ ಬೋರ್ಡ್ ಬಂತು. ಪೈಪ್ ಉಳಿಸೋಕೆ ಅಡುಗೆಮನೆ, ಬಚ್ಚಲುಮನೆ ಒಂದೇ ಗೋಡೆಗೆ ಅಂಟಿಸಿದರು. ಯುದ್ಧ ಮುಗಿದ ಮೇಲೆ ತಾತ್ಕಾಲಿಕ ಮನೆಗಳನ್ನು ಕಿತ್ತು ಹಾಕಬೇಕು ಅಂತಲೂ ನಿಯಮವಾಯ್ತು. ಸರ್ಕಾರಿ ಮನೆ ಉಳಿದರೆ ನಮ್ಮ ಬಾಡಿಗೆ ಇಳಿಯುತ್ತೆ ಅನ್ನೋ ಭಯ ಖಾಸಗಿ ಬಿಲ್ಡರ್‌ಗಳಿಗೆ.

ಆದರೆ ಸೈನಿಕರು ವಾಪಸ್ ಬಂದಾಗ ಮನೆ ಕೊರತೆ ಇನ್ನೂ ಜಾಸ್ತಿ. 1946ರಲ್ಲಿ ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕ್‌ನಲ್ಲಿ ಸೇನೆಯ 750 ತಗಡಿನ ಗುಡಿಸಲು ನಿಲ್ಲಿಸಿ, ಒಂದೊಂದನ್ನೂ ನಡುವೆ ಗೋಡೆ ಹಾಕಿ ಎರಡು ಮಾಡಿ, 1,500 ಕುಟುಂಬ ಇರಿಸಿದರು. ಹೆಸರು ರಾಜರ್ ಯಂಗ್ ವಿಲೇಜ್. ಕ್ವಾನ್‌ಸೆಟ್ ಅನ್ನೋ ಈ ಗುಡಿಸಲು ಡ್ರಮ್ ಸೀಳಿ ಮಗುಚಿದ ಹಾಗೆ. ಗೋಡೆಯೇ ಬಾಗಿರುವಾಗ ಬೀರು ಒರಗಿಸೋದೆಲ್ಲಿ? ಕಪ್ಪು ಬಿಳಿ ಕುಟುಂಬಗಳು ಅಕ್ಕಪಕ್ಕ ಇದ್ದದ್ದು ಮಾತ್ರ ಆ ನಗರಕ್ಕೆ ಆಗ ಅಪರೂಪ.

ಸೇನಾ ಕುಟುಂಬಗಳಿಗೆ ಕಾಯಂ ಮನೆ ಹೇರಳವಾಗಿ ಬಂದಿದ್ದು 1949ರ ವೆರಿ ಕಾಯ್ದೆ, 1955ರ ಕೇಪ್‌ಹಾರ್ಟ್ ಕಾಯ್ದೆ ಮೂಲಕ. ಎರಡೂ ಸೇರಿ ಸುಮಾರು 2 ಲಕ್ಷ ಮನೆ.

ಲಿಂಡಾ ವಿಸ್ಟಾವನ್ನು ಯಾರೂ ಕೆಡವಲಿಲ್ಲ. 1950ರ ದಶಕದಲ್ಲಿ ಮನೆಗಳು ಖಾಸಗಿಯವರ ಕೈಗೆ ಮಾರಾಟವಾದವು. 1975ರ ನಂತರ ಇನ್ನೊಂದು ಯುದ್ಧದಿಂದ ಓಡಿ ಬಂದ ವಿಯೆಟ್ನಾಂ, ಲಾವೋಸ್ ಕುಟುಂಬಗಳು ಅಲ್ಲಿ ನೆಲೆಸಿದವು. ಒಂದು ಕಾಲಕ್ಕೆ ಬ್ರೆಡ್ ಸಿಗದಿದ್ದ ಬಡಾವಣೆಯಲ್ಲಿ ಈಗ ಅವರದೇ ದಿನಸಿ ಅಂಗಡಿಗಳಿವೆ.