ಫೈಲ್ ತೆರೆದರೆ ಕನ್ನಡ ಮಾಯ: ಫಾಂಟ್ ಇಲ್ಲದಾಗ ಏನು ಮಾಡಬೇಕು?

ದಾವಣಗೆರೆಯ ಡಿಟಿಪಿ ಸೆಂಟರ್‌ನಲ್ಲಿ ಮಾಡಿಸಿದ ಲಗ್ನಪತ್ರಿಕೆ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹರಿಹರದ ಪ್ರೆಸ್‌ಗೆ ಹೋಗುತ್ತೀರಿ. ಅಲ್ಲಿ ತೆರೆದರೆ ವಧು-ವರರ ಹೆಸರೇ ಕಾಣಲ್ಲ. ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ತಲೆ ಮೇಲೆ ಗೆರೆ ಇರೋ ‘ಎ’ಗಳ ಸಾಲು. ‘ಫೈಲ್ ಕೆಟ್ಟೇತಿ, ಮತ್ತೆ ಟೈಪ್ ಮಾಡಿಸ್ರಿ’ ಅಂತಾರೆ.

ಒಪ್ಪಿಕೊಳ್ಳುವ ಮುಂಚೆ ಸ್ವಲ್ಪ ತಡೆಯಿರಿ. ಬಹಳಷ್ಟು ಸಲ ಫೈಲ್ ಕೆಟ್ಟಿರುವುದಿಲ್ಲ, ಆ ಕಂಪ್ಯೂಟರ್‌ನಲ್ಲಿ ಫಾಂಟ್ ಇರುವುದಿಲ್ಲ ಅಷ್ಟೇ. ಅವಸರದಲ್ಲಿ ಮತ್ತೆ ಟೈಪ್ ಮಾಡಿಸಿದಾಗಲೇ ಹೆಸರು, ಮುಹೂರ್ತ, ಫೋನ್ ನಂಬರ್ ತಪ್ಪುವುದು.

ಯಾಕೆ ಹೀಗಾಗುತ್ತೆ?

ಇಂಗ್ಲಿಷ್ ಫೈಲ್‌ನಲ್ಲಿ ಫಾಂಟ್ ಇಲ್ಲದಿದ್ದರೆ ಅಕ್ಷರದ ಅಂದ ಮಾತ್ರ ಬದಲಾಗುತ್ತದೆ, ಓದಲು ಬರುತ್ತದೆ. ಹಳೇ ಕನ್ನಡ ಫಾಂಟುಗಳಲ್ಲಿ ಹಾಗಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ನುಡಿಯಲ್ಲಿ ಟೈಪ್ ಮಾಡಿದ ‘ಕ’ ಒಳಗೆ ‘ಪಿ’ ಅಕ್ಷರದಿಂದ ಶುರುವಾಗುತ್ತದೆ, ‘ನ’ ಪೌಂಡ್ ಗುರುತಿನಿಂದ. ಫಾಂಟ್ ಇಲ್ಲ ಅಂದರೆ ಕನ್ನಡದ ಮುಖವಾಡ ಕಳಚಿದಂತೆ. ಸರಿಯಾದ ಫಾಂಟ್ ಹಾಕಿದ ಕೂಡಲೇ ಎಲ್ಲ ವಾಪಸ್ ಬರುತ್ತದೆ.

ಮೊದಲು ಫಾಂಟಿನ ಹೆಸರು ನೋಡಿ

ಪಠ್ಯದ ಮೇಲೆ ಕ್ಲಿಕ್ ಮಾಡಿ, ಮೇಲಿನ ಫಾಂಟ್ ಪಟ್ಟಿಯಲ್ಲಿ ಹೆಸರು ಓದಿ.

- ನುಡಿ: ಕನ್ನಡ ಗಣಕ ಪರಿಷತ್ತು ರೂಪಿಸಿದ್ದು, ಉಚಿತ. ತಂತ್ರಾಂಶ ಹಾಕಿಕೊಂಡರೆ ಫಾಂಟೂ ಬರುತ್ತದೆ.
- ಬಿಆರ್‌ಎಚ್: ಶೇಷಾದ್ರಿ ವಾಸು 1998ರಲ್ಲಿ ಹೊರತಂದ ಬರಹದ ಫಾಂಟ್. ಹಳೇ ನುಡಿ ಮತ್ತು ಬರಹದ ಒಳಸಂಕೇತ ಹೆಚ್ಚು ಕಮ್ಮಿ ಒಂದೇ. ಹಾಗಾಗಿ ಒಂದು ಇಲ್ಲದಿದ್ದರೆ ಇನ್ನೊಂದು ಹಾಕಿ ಓದಬಹುದು.
- ಶ್ರೀ: ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ. ಇದರ ಸಂಕೇತವೇ ಬೇರೆ, ನುಡಿ ಫಾಂಟ್ ಹಾಕಿದರೆ ಬೇರೇನೋ ಅಕ್ಷರ ಬರುತ್ತದೆ. ಇದು ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶ. ಫಾಂಟ್ ಕದ್ದು ಕಾಪಿ ಮಾಡುವ ಬದಲು, ಫೈಲ್ ಮಾಡಿದ ಅಂಗಡಿಯಿಂದಲೇ ಪಿಡಿಎಫ್ ತರಿಸಿಕೊಳ್ಳಿ.

ನುಡಿಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ‘ನುಡಿ 01 ಇ’ ಹಾಕಿದರೆ ಇಂಗ್ಲಿಷ್ ಅಂಕಿ, ‘ನುಡಿ 01 ಕೆ’ ಹಾಕಿದರೆ ಕನ್ನಡ ಅಂಕಿ ಬರುತ್ತದೆ. ಬಿಲ್ ಬುಕ್ ಮಾಡಿಸುವವರು ಇದನ್ನು ಗಮನಿಸಬೇಕು.

ಈ ಎರಡು ತಪ್ಪು ಮಾಡಬೇಡಿ

ಪೇಜ್‌ಮೇಕರ್ ಅಥವಾ ಕೋರಲ್‌ಡ್ರಾ ಫೈಲ್ ತೆರೆಯುವಾಗ, ಇಲ್ಲದ ಫಾಂಟಿಗೆ ಬದಲಿ ಯಾವುದು ಅಂತ ಕೇಳುತ್ತದೆ. ಅಲ್ಲಿ ‘ಟೆಂಪರರಿ’ ಇರಲಿ, ‘ಪರ್ಮನೆಂಟ್’ ಒತ್ತಬೇಡಿ. ಪರ್ಮನೆಂಟ್ ಒತ್ತಿ ಸೇವ್ ಮಾಡಿದರೆ ಮೂಲ ಫಾಂಟಿನ ಹೆಸರೇ ಅಳಿಸಿ ಹೋಗುತ್ತದೆ, ಆಮೇಲೆ ಹುಡುಕೋದು ಕಷ್ಟ. ಏನೇ ಮಾಡುವ ಮುಂಚೆ ಫೈಲಿನ ಒಂದು ಕಾಪಿ ಇಟ್ಟುಕೊಳ್ಳಿ.

ಎರಡನೆಯದು, ಇಡೀ ಪುಟ ಸೆಲೆಕ್ಟ್ ಮಾಡಿ ಒಂದೇ ಸಲ ನುಡಿ ಹಾಕುವುದು. ಆಗ ಕನ್ನಡ ಸರಿಯಾಗುತ್ತೆ, ಆದರೆ ಇಂಗ್ಲಿಷ್‌ನಲ್ಲಿದ್ದ ಅಂಗಡಿ ಹೆಸರು, ಇ-ಮೇಲ್ ವಿಳಾಸ ಕನ್ನಡದ ಅಡ್ಡಾದಿಡ್ಡಿ ಅಕ್ಷರ ಆಗಿಬಿಡುತ್ತವೆ. ಕನ್ನಡದ ಭಾಗಕ್ಕೆ ಮಾತ್ರ ಹಾಕಿ. ಇನ್‌ಡಿಸೈನ್‌ನಲ್ಲಾದರೆ ಫಾಂಟ್ ಇಲ್ಲದ ಪಠ್ಯಕ್ಕೆ ಗುಲಾಬಿ ಬಣ್ಣ ಬಂದಿರುತ್ತದೆ, ಗುರುತಿಸೋದು ಸುಲಭ.

ಯುನಿಕೋಡ್ ಆದರೆ?

ಮೊಬೈಲ್‌ನಲ್ಲಿ, ವಾಟ್ಸಾಪ್‌ನಲ್ಲಿ ನಾವು ಟೈಪ್ ಮಾಡೋದು ಯುನಿಕೋಡ್. ಇದರಲ್ಲಿ ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರುವುದರಿಂದ ತುಂಗಾ, ನಿರ್ಮಲಾ, ನೋಟೋ ಸಾನ್ಸ್ ಕನ್ನಡ ಯಾವುದರಲ್ಲಾದರೂ ಓದಬಹುದು. ಫಾಂಟ್ ಬದಲಾದರೆ ಸಾಲು ಮೇಲೆ ಕೆಳಗೆ ಆಗಬಹುದು ಅಷ್ಟೇ.

ಆದರೆ 2001ರ 7.0ಕ್ಕೇ ನಿಂತುಹೋದ ಪೇಜ್‌ಮೇಕರ್‌ಗೆ ಯುನಿಕೋಡ್ ಕನ್ನಡ ಬರಲ್ಲ. ಅಲ್ಲಿ ವಾಟ್ಸಾಪ್ ಪಠ್ಯ ಹಾಕಬೇಕಾದರೆ ಪರಿವರ್ತಕದಲ್ಲಿ ನುಡಿ ಸಂಕೇತಕ್ಕೆ ಬದಲಿಸಬೇಕು, ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಒಂದೊಂದೂ ನೋಡಬೇಕು. ಇನ್‌ಡಿಸೈನ್‌ನಲ್ಲಿ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಂದರೆ, ಫಾಂಟನ್ನು ಬೈಯುವ ಮುಂಚೆ ‘ವರ್ಲ್ಡ್-ರೆಡಿ ಕಂಪೋಸರ್’ ಆಯ್ಕೆ ಮಾಡಿ ನೋಡಿ.

ಪ್ರೆಸ್‌ಗೆ ಕೊಡುವ ಮುಂಚೆ

1. ಕರಡು ತಿದ್ದುವುದು ಪೂರ್ತಿ ಮುಗಿಯಲಿ.
2. ಕೋರಲ್‌ಡ್ರಾದಲ್ಲಿ ಪಠ್ಯ ಆರಿಸಿ ಕಂಟ್ರೋಲ್-ಕ್ಯೂ ಒತ್ತಿದರೆ ಅಕ್ಷರ ‘ಕರ್ವ್ಸ್’ ಆಗಿ ಚಿತ್ರದಂತೆ ಉಳಿಯುತ್ತದೆ, ಫಾಂಟ್ ಬೇಕಿಲ್ಲ. ಆದರೆ ಮುಂದೆ ತಿದ್ದಲು ಬರಲ್ಲ. ಅದಕ್ಕೇ ಕರ್ವ್ಸ್ ಫೈಲನ್ನು ಬೇರೆ ಹೆಸರಲ್ಲಿ ಸೇವ್ ಮಾಡಿ.
3. ಇನ್‌ಡಿಸೈನ್‌ನಲ್ಲಿ ‘ಪ್ಯಾಕೇಜ್’ ಮಾಡಿದರೆ ಫೈಲ್, ಚಿತ್ರ, ನಕಲಿಗೆ ಅನುಮತಿ ಇರುವ ಫಾಂಟುಗಳು ಒಂದೇ ಫೋಲ್ಡರ್‌ಗೆ ಬರುತ್ತವೆ.
4. ಜೊತೆಗೆ ಪಿಡಿಎಫ್ ಕೊಡಿ. ಅಕ್ರೋಬ್ಯಾಟ್‌ನಲ್ಲಿ ಕಂಟ್ರೋಲ್-ಡಿ ಒತ್ತಿ ‘ಫಾಂಟ್ಸ್’ ನೋಡಿ. ಪ್ರತಿ ಹೆಸರಿನ ಪಕ್ಕ ‘ಎಂಬೆಡೆಡ್’ ಅಂತ ಇದ್ದರೆ ಆ ಫಾಂಟ್ ಪಿಡಿಎಫ್ ಒಳಗೇ ಇದೆ ಅಂತ ಅರ್ಥ.
5. ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ.

ಗಿರಾಕಿಗಳಿಗೂ ಒಂದು ಮಾತು. ದುಡ್ಡು ಕೊಡುವ ಹೊತ್ತಿಗೆ ತಿದ್ದಬಹುದಾದ ಫೈಲು, ಪಿಡಿಎಫ್, ಫಾಂಟಿನ ಹೆಸರು ಬರೆದ ಚೀಟಿ, ಈ ಮೂರನ್ನೂ ಕೇಳಿ ಇಸ್ಕೊಳ್ಳಿ. ಮುಂದಿನ ವರ್ಷ ಅದೇ ಬಿಲ್ ಬುಕ್ ಬೇರೆ ಕಡೆ ಹಾಕಿಸುವಾಗ ಆ ಚೀಟಿಯೇ ನಿಮ್ಮ ದುಡ್ಡು ಉಳಿಸುತ್ತದೆ. ಫಾಂಟ್ ಬದಲಾಗಿದ್ದರಂತೂ ಒಂದು ಪ್ರತಿ ಪ್ರಿಂಟ್ ತೆಗೆಸಿ, ಮೊದಲಿನ ಪಿಡಿಎಫ್ ಪಕ್ಕದಲ್ಲಿಟ್ಟು ಹೆಸರು, ದಿನಾಂಕ, ನಂಬರ್ ಓದಿದ ಮೇಲಷ್ಟೇ ‘ಹಾಕ್ರಿ’ ಅನ್ನಿ.