ಊರ ಕಾಸು, ಶಾಲೆಯ ಬಾಗಿಲು: ಕನ್ನಡನಾಡಿನ ಪ್ರಾಥಮಿಕ ಶಿಕ್ಷಣದಲ್ಲಿ ಸ್ಥಳೀಯ ಆಡಳಿತ

ಕನ್ನಡನಾಡಿನ ಶಿಕ್ಷಣದ ಚರಿತ್ರೆಯು ಬಹುಮಟ್ಟಿಗೆ ಸರ್ಕಾರಿ ಆಜ್ಞೆಗಳ, ಆಯೋಗಗಳ ಮತ್ತು ದಿವಾನರ ಚರಿತ್ರೆಯಾಗಿಯೇ ರಚಿತವಾಗಿದೆ. ಊರು ತನ್ನ ಶಾಲೆಗೆ ಏನನ್ನು ಕೊಟ್ಟಿತು ಎಂಬ ಪ್ರಶ್ನೆಯನ್ನು ವಿದ್ವಾಂಸರು ಆಗಾಗ ಎತ್ತಿದ್ದಾರೆ. ಯಾರ ಮಕ್ಕಳಿಗಾಗಿ ಕೊಟ್ಟಿತು ಎಂಬ ಪ್ರಶ್ನೆಯಾದರೋ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಶಾಲೆಗೆ ಬೇಕಾದ ಕಾಸು ಊರಿನಿಂದಲೇ ಹುಟ್ಟಿತು, ಆದರೆ ಆ ಕಾಸಿನೊಂದಿಗೆ ಶಾಲೆಯ ಬಾಗಿಲು ತಾನಾಗಿ ತೆರೆದುಕೊಳ್ಳಲಿಲ್ಲ. ಇವೆರಡರ ನಡುವಿನ ಅಂತರವನ್ನು ಗಮನಿಸದೆ ಸ್ಥಳೀಯ ಆಡಳಿತದ ಕೊಡುಗೆಯನ್ನು ಅಳೆಯಲು ಬಾರದು.

ಆಧುನಿಕ ಶಾಲೆ ಬರುವ ಮುನ್ನ ಇಲ್ಲಿದ್ದುದು ಐಗಳ ಮಠ, ಕೂಲಿಮಠ, ಗಾಂವಠಿ ಶಾಲೆ ಮೊದಲಾದ ಹೆಸರುಗಳ ಊರ ಶಾಲೆ. ಮರಳಿನ ಮೇಲೆ ಅಕ್ಷರ ತಿದ್ದುವುದು, ಮಗ್ಗಿ ಒಪ್ಪಿಸುವುದು, ಕಾಲು ಅರೆ ಮುಕ್ಕಾಲುಗಳ ಲೆಕ್ಕವನ್ನು ಬಾಯಲ್ಲೇ ಬಿಡಿಸುವುದು, ಕಾವ್ಯವನ್ನು ರಾಗವಾಗಿ ಓದುವುದು ಅಲ್ಲಿನ ಪಾಠಕ್ರಮವಾಗಿತ್ತು. ಐಗಳಿಗೆ ಸಂಬಳವೆಂಬುದಿರಲಿಲ್ಲ. ಕಾಳುಕಡಿ, ಎಣ್ಣೆ, ಹಬ್ಬದ ಕಾಣಿಕೆಗಳೇ ಜೀವನಾಧಾರ. ಮಹಾನವಮಿಯ ದಿನಗಳಲ್ಲಿ ಐಗಳು ಮಕ್ಕಳ ಮೇಳವನ್ನು ಕಟ್ಟಿಕೊಂಡು ಮನೆಮನೆಗೆ ಹೋಗಿ ಚೌಪದ ಹಾಡಿಸಿ, ಕೋಲಾಟ ಆಡಿಸಿ ದಕ್ಷಿಣೆ ಪಡೆಯುತ್ತಿದ್ದ ಪದ್ಧತಿಯನ್ನು ಜಾನಪದ ಸಂಗ್ರಾಹಕರು ಹಬ್ಬದ ಆಚರಣೆಯೆಂದು ದಾಖಲಿಸಿದ್ದಾರೆ. ಅದು ಆಚರಣೆಯಷ್ಟೇ ಅಲ್ಲ, ಶಾಲೆಯ ಹೆಸರಿನಲ್ಲಿ ಊರು ತನಗೆ ತಾನೇ ವಿಧಿಸಿಕೊಂಡ ಕಂದಾಯವೂ ಹೌದು. ಹಾಡೇ ಅದರ ರಸೀದಿ ಎನ್ನಬಹುದು. ಆದರೆ ಆ ಮೇಳ ಸುತ್ತುತ್ತಿದ್ದುದು ಊರೊಳಗಿನ ಬೀದಿಗಳನ್ನು. ಊರ ಹೊರಗಿನ ಕೇರಿಗಳು ಆ ಸುತ್ತಿನಲ್ಲಿ ಸೇರಿರಲಿಲ್ಲ.

ಈ ವ್ಯವಸ್ಥೆಯ ವ್ಯಾಪ್ತಿಯನ್ನು ಅಂಕೆಗಳಲ್ಲಿ ಕಾಣಲು ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಮದರಾಸು ಸರ್ಕಾರಕ್ಕೆ ಸಲ್ಲಿಸಿದ ವರದಿ ನೆರವಾಗುತ್ತದೆ. ಸುಮಾರು 9,27,000 ಜನರಿದ್ದ ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳು ಶಾಲೆಗಳು. ಇಂಗ್ಲಿಷಿನದು ಒಂದೇ ಒಂದು. ಓದುತ್ತಿದ್ದವರು 6,641 ಮಂದಿ, ಅಂದರೆ ಸಾವಿರ ಜನಕ್ಕೆ ಏಳರಷ್ಟು. ಅವರಲ್ಲಿ ಹಿಂದೂ ಹುಡುಗಿಯರು 60 ಮಾತ್ರ. ಒಂದೊಂದು ಸಮುದಾಯ ತನ್ನ ಮಕ್ಕಳಿಗೆ ಓದಿಸುತ್ತಿದ್ದ ಪುಸ್ತಕಗಳನ್ನೂ ಕ್ಯಾಂಪ್‌ಬೆಲ್ ಬೇರೆಬೇರೆಯಾಗಿ ಪಟ್ಟಿ ಮಾಡಿದ್ದಾನೆ. ಲಿಂಗಾಯತ ಮಕ್ಕಳಿಗೆ ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳಿದ್ದರೆ ಕುಶಲಕರ್ಮಿಗಳ ಮಕ್ಕಳಿಗೆ ವಿಶ್ವಕರ್ಮಪುರಾಣವಿತ್ತು. ಪಾಠ ಸ್ಥಳೀಯವಾಗಿತ್ತು, ಬಾಳಿಗೆ ಹತ್ತಿರವಾಗಿತ್ತು. ಜೊತೆಗೆ ಜಾತಿಯ ಬೇಲಿಯೊಳಗೂ ಇತ್ತು. ದೇಶೀಯ ಶಿಕ್ಷಣವನ್ನು ಕೊಂಡಾಡುವವರು ಈ ವರದಿಯ ಮೊದಲರ್ಧವನ್ನೂ ಅದನ್ನು ಹಳಿಯುವವರು ಎರಡನೆಯ ಅರ್ಧವನ್ನೂ ಮಾತ್ರ ಓದುವುದು ವಾಡಿಕೆಯಾಗಿದೆ. ಬಡತನದಿಂದಾಗಿ ತಂದೆತಾಯಿಗಳು ಎಳೆಯ ಮಕ್ಕಳನ್ನೇ ದುಡಿಮೆಗೆ ಹಚ್ಚುತ್ತಿದ್ದಾರೆಂದೂ, ಹಿಂದಿನ ಅರಸರು ವಿದ್ಯೆಗೆ ಕೊಡುತ್ತಿದ್ದ ಆಶ್ರಯ ಕಂಪನಿಯ ಆಳ್ವಿಕೆಯಲ್ಲಿ ನಿಂತುಹೋಗಿದೆಯೆಂದೂ ಆ ಅಧಿಕಾರಿ ಬರೆದದ್ದು ಗಮನಾರ್ಹ. ಹಸಿದ ಮಗು ಶಾಲೆಗೆ ಬಾರದೆಂಬ ಅರಿವು ಆಗಲೇ ದಾಖಲೆಗೆ ಸೇರಿತ್ತು.

ಬಾಗಿಲಿನ ಪ್ರಶ್ನೆ ನೇರವಾಗಿ ಎದ್ದುದು ಮುಂಬಯಿ ಪ್ರಾಂತದ ಭಾಗವಾಗಿದ್ದ ಧಾರವಾಡದಲ್ಲಿ. 1856ರ ಜೂನ್ ತಿಂಗಳಲ್ಲಿ ಮಹಾರ ಜಾತಿಯ ಹುಡುಗನೊಬ್ಬನ ಪರವಾಗಿ ಸರ್ಕಾರಕ್ಕೆ ಒಂದು ಅರ್ಜಿ ಹೋಯಿತು. ಶುಲ್ಕ ಕೊಡಲು ಸಿದ್ಧನಿದ್ದರೂ ಧಾರವಾಡದ ಸರ್ಕಾರಿ ಶಾಲೆ ತನ್ನನ್ನು ಸೇರಿಸಿಕೊಳ್ಳಲಿಲ್ಲವೆಂಬುದು ಆತನ ದೂರು. ನ್ಯಾಯ ಹುಡುಗನ ಕಡೆಗಿದೆಯೆಂಬುದನ್ನು ಮುಂಬಯಿ ಸರ್ಕಾರ ಅಲ್ಲಗಳೆಯಲಿಲ್ಲ. ಆದರೆ ಒಬ್ಬನಿಗಾಗಿ ಉಳಿದವರೆಲ್ಲರೂ ಶಾಲೆ ತೊರೆಯುವ ಪರಿಸ್ಥಿತಿ ತರಲಾಗದೆಂದು ಜುಲೈ ತಿಂಗಳ ನಿರ್ಣಯದಲ್ಲಿ ಕೈಚೆಲ್ಲಿತು. 1857ರ ಜನವರಿಯಲ್ಲಿ ಭಾರತ ಸರ್ಕಾರ, ಬಂಗಾಳದ ಸರ್ಕಾರಿ ಶಾಲೆಯಾಗಿದ್ದರೆ ಆ ಹುಡುಗನಿಗೆ ಪ್ರವೇಶ ತಪ್ಪುತ್ತಿರಲಿಲ್ಲವೆಂದು ತಿಳಿಸಿತು. ಕಡೆಗೆ, ಪೂರ್ಣವಾಗಿ ಸರ್ಕಾರದ ವೆಚ್ಚದಲ್ಲಿ ನಡೆಯುವ ಶಾಲೆಗಳು ಜಾತಿಭೇದವಿಲ್ಲದೆ ಎಲ್ಲ ಪ್ರಜೆಗಳಿಗೂ ತೆರೆದಿರಬೇಕೆಂಬ ನೀತಿ 1858ರ ಹೊತ್ತಿಗೆ ರೂಪುಗೊಂಡಿತು. ಡಾ. ಬಿ. ಆರ್. ಅಂಬೇಡ್ಕರರು ತಮ್ಮ ಬರಹಗಳಲ್ಲಿ ಈ ಪ್ರಕರಣವನ್ನು ವಿವರವಾಗಿ ಚರ್ಚಿಸಿದ್ದಾರೆ. ಬಾಲಕನ ಮುಂದಿನ ವಿದ್ಯಾಭ್ಯಾಸದ ವಿಚಾರ ಈ ಪತ್ರವ್ಯವಹಾರದ ಚರ್ಚೆಯ ವಸ್ತುವಾಗಲಿಲ್ಲ. ಅಲ್ಲಿ ಚರ್ಚೆಯಾದದ್ದು ನೀತಿ.

ನೀತಿ ರೂಪುಗೊಂಡ ಬೆನ್ನಿಗೇ ಹಣದ ಮೂಲ ಬದಲಾಯಿತು. 1863ರಿಂದ ಮುಂಬಯಿ ಪ್ರಾಂತದಲ್ಲಿ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯ ಸ್ಥಳೀಯ ಕರ ಎತ್ತಲಾಯಿತು. 1869ರಲ್ಲಿ ಅದಕ್ಕೆ ಶಾಸನದ ಆಧಾರ ಒದಗಿತು. ಈ ನಿಧಿಯ ಮೂರನೆಯ ಒಂದು ಪಾಲು ಶಿಕ್ಷಣಕ್ಕೆ ಮೀಸಲು. ಧಾರವಾಡ, ಬೆಳಗಾವಿ, ವಿಜಾಪುರ ಸೀಮೆಗಳಲ್ಲಿ ಕನ್ನಡ ಶಾಲೆಗಳು ಹರಡಲು ಇದು ದೊಡ್ಡ ಆಸರೆಯಾಯಿತು. 1882ರ ಹಂಟರ್ ಆಯೋಗವು ಪ್ರಾಥಮಿಕ ಶಿಕ್ಷಣವನ್ನು ಜಿಲ್ಲಾ ಮತ್ತು ಪುರಸಭಾ ಮಂಡಳಿಗಳಿಗೆ ಒಪ್ಪಿಸಬೇಕೆಂದು ಸೂಚಿಸಿತು. ಸರ್ಕಾರಿ ಹಣವಿರಲಿ, ಪುರಸಭೆಯ ಅಥವಾ ಲೋಕಲ್ ಬೋರ್ಡಿನ ಹಣವಿರಲಿ, ಅದರಿಂದ ನಡೆಯುವ ಶಾಲೆಯಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ನಿರಾಕರಿಸಬಾರದೆಂದೂ ಹೇಳಿತು. ಅದರ ಜೊತೆಯಲ್ಲೇ, ವಿರೋಧವಿರುವ ಕಡೆ ಪ್ರತ್ಯೇಕ ಶಾಲೆ ತೆರೆಯಬಹುದೆಂಬ ಹಿಂದಿನ ಬಾಗಿಲನ್ನೂ ಇಟ್ಟಿತು. ಕಂದಾಯ ಕಟ್ಟುವ ಪಟ್ಟೆದಾರರೇ ಮಂಡಳಿಗಳಲ್ಲಿ ಕುಳಿತಿದ್ದುದರಿಂದ ಬಹಳಷ್ಟು ಕಡೆ ಬಳಕೆಗೆ ಬಂದದ್ದು ಈ ಎರಡನೆಯ ಮಾತೇ. ಹೊಲದಲ್ಲಿ ದುಡಿದವನ ಬೆವರಿನಿಂದ ಹುಟ್ಟಿದ ಆಣೆ ಶಾಲೆಗೆ ಸಂದಿತು. ದುಡಿದವನ ಮಗ ಜಗಲಿಯಲ್ಲಿ ಉಳಿದ.

ಈ ಜಗಲಿಯ ಬಗೆಗೆ ತುಸು ನಿಂತು ಯೋಚಿಸಬೇಕಾಗಿದೆ. ಊರವರು ಶಾಲೆಗೆ ಉದಾರವಾಗಿ ಕೊಟ್ಟ ಮೊದಲ ಕೊಡುಗೆಯೆಂದರೆ ಸ್ಥಳ: ಗುಡಿಯ ಪೌಳಿ, ಮಠದ ಅಂಗಳ, ಊರ ಚಾವಡಿ, ಗೌಡರ ಮನೆಯ ಪಡಸಾಲೆ. ಕೊಟ್ಟವರ ಔದಾರ್ಯದಲ್ಲಿ ಅನುಮಾನವಿಲ್ಲ. ಆದರೆ ಗುಡಿಯೊಳಗೆ ಪ್ರವೇಶವಿಲ್ಲದವನಿಗೆ ಗುಡಿಯಲ್ಲಿ ನಡೆಯುವ ಶಾಲೆಯಲ್ಲೂ ಪ್ರವೇಶವಿರಲಿಲ್ಲ. ಸರ್ಕಾರದ ಆಜ್ಞೆ ಶಾಲೆಗೆ ಅನ್ವಯಿಸುತ್ತಿತ್ತು, ಸೂರು ಮಾತ್ರ ದೇವರದು. ಹೀಗೆ ಊರಿನ ದಾನವೇ ಬೇಲಿಯಾದದ್ದು ಕಾನೂನಿನ ಪುಸ್ತಕದಲ್ಲಿ ಕಾಣುವುದಿಲ್ಲ, ನೆನಪಿನ ಕಥನಗಳಲ್ಲಿ ಕಾಣುತ್ತದೆ. ಹೊರಗೆ ಕುಳಿತು ಕಿಟಕಿಯಿಂದ ಪಾಠ ಕೇಳಿದ ಅನುಭವ ದಲಿತ ಹಿರಿಯರ ಬಾಯಿಮಾತಿನ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಸ್ವಾತಂತ್ರ್ಯಾನಂತರದ ಹಳ್ಳಿಯ ಶಾಲೆಯೂ ಇದರಿಂದ ಮುಕ್ತವಾಗಿರಲಿಲ್ಲವೆಂಬುದಕ್ಕೆ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಸಾಕ್ಷಿ. ದಲಿತ ಮಕ್ಕಳನ್ನು ನಿರಾಕರಿಸುವ ಶಾಲೆಗಳಿಗೆ ಅನುದಾನವಿಲ್ಲವೆಂದು ಮುಂಬಯಿ ಸರ್ಕಾರ ಸಾರಿದ್ದು 1923ರಲ್ಲಿ, ಧಾರವಾಡದ ಅರ್ಜಿಗೆ 67 ವರ್ಷ ತುಂಬಿದ ಮೇಲೆ.

ಮೈಸೂರು ಸಂಸ್ಥಾನದ ದಾರಿ ಬೇರೆ. 1868ರಲ್ಲಿ ಬಿ. ಎಲ್. ರೈಸ್ ರೂಪಿಸಿದ ಹೋಬಳಿ ಶಾಲೆಗಳ ಯೋಜನೆ ಊರವರು ಕಟ್ಟಡ ಒದಗಿಸಿದರೆ ಶಾಲೆಯೆಂಬ ತತ್ತ್ವದ ಮೇಲೆ ನಿಂತಿತ್ತು. 1913ರಲ್ಲಿ ಕಡ್ಡಾಯ ಶಿಕ್ಷಣದ ಕಾನೂನು ಬಂದಿತು. 1930ರ ಕಾನೂನು ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳಿಗೆ ವಹಿಸಿತಾದರೂ 1941ರಲ್ಲಿ ಸರ್ಕಾರವೇ ಅವುಗಳನ್ನು ಹಿಂದಕ್ಕೆ ಪಡೆಯಿತು. ಆದಾಯದ ಮೂಲವಿಲ್ಲದ ಸಂಸ್ಥೆಗೆ ಹೊಣೆ ಕೊಟ್ಟರೆ ಆಗುವುದು ಇಷ್ಟೇ.

ದಕ್ಷಿಣ ಕನ್ನಡದಲ್ಲಿ ಸರ್ಕಾರಕ್ಕಿಂತ ಮೊದಲು ಒಬ್ಬ ವ್ಯಕ್ತಿ ಈ ಕೆಲಸಕ್ಕೆ ಕೈಹಾಕಿದರು. ಮಂಗಳೂರಿನ ವಕೀಲ ಕುದ್ಮುಲ್ ರಂಗರಾವ್ (1859-1928) ಅವರು 1892ರಲ್ಲಿ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ತಮ್ಮ ಸಾರಸ್ವತ ಸಮುದಾಯದ ಬಹಿಷ್ಕಾರವನ್ನೂ ಅವರು ಎದುರಿಸಬೇಕಾಯಿತು. ಅವರ ಶಾಲೆಯಲ್ಲಿ ಅಕ್ಷರದ ಜೊತೆಗೆ ನೇಯ್ಗೆಯ ಕಸುಬೂ ಪಾಠವಾಯಿತು. ಕೂಲಿ ತಪ್ಪಿಸಿ ಬರುವ ಮಕ್ಕಳಿಗೆ ಹಾಜರಾತಿಗಾಗಿ ಕೈಗೆ ಕಾಸು ಕೊಡುತ್ತಿದ್ದರು. ಐಗಳ ಮೇಳದಲ್ಲಿ ಕಾಸು ಮನೆಯಿಂದ ಶಾಲೆಗೆ ಹರಿಯುತ್ತಿದ್ದರೆ ಇಲ್ಲಿ ಶಾಲೆಯಿಂದ ಮಗುವಿನ ಮನೆಗೆ ಹರಿಯಿತು. ಇದಕ್ಕಿಂತಲೂ ದೂರದೃಷ್ಟಿಯದು ಅವರ ಇನ್ನೊಂದು ಹೋರಾಟ. ದಲಿತರು ಸ್ಥಳೀಯ ಮಂಡಳಿಯಲ್ಲಿಯೇ ಕುಳಿತುಕೊಳ್ಳಬೇಕೆಂದು ಅವರು ಒತ್ತಾಯಿಸಿದ್ದರ ಫಲವಾಗಿ ಅಂಗಾರ ಮಾಸ್ತರ್ ಮತ್ತು ಗೋವಿಂದ ಮಾಸ್ತರ್ ಪುರಸಭೆ, ಜಿಲ್ಲಾ ಬೋರ್ಡುಗಳ ಸದಸ್ಯರಾಗಿ ನಾಮಕರಣಗೊಂಡರು. ಕಾಸನ್ನು ಹಂಚುವ ಜಾಗದಲ್ಲಿ ತಾವಿಲ್ಲದೆ ಬಾಗಿಲು ತೆರೆಯದೆಂಬುದನ್ನು ರಂಗರಾವ್ ಅರಿತಿದ್ದರು.

ಅದೇ ಮದರಾಸು ಪ್ರಾಂತದ ರಾಜಧಾನಿಯಲ್ಲಿ, ಪಿ. ತ್ಯಾಗರಾಯ ಚೆಟ್ಟಿಯವರು ಅಧ್ಯಕ್ಷರಾಗಿದ್ದಾಗ, ನಗರ ಕಾರ್ಪೊರೇಷನ್ 1920ರಲ್ಲಿ ಥೌಸಂಡ್ ಲೈಟ್ಸ್ ಭಾಗದ ತನ್ನ ಶಾಲೆಯಲ್ಲಿ ಮಧ್ಯಾಹ್ನದ ಉಪಾಹಾರ ಆರಂಭಿಸಿತು. ತಲೆಗೆ ದಿನಕ್ಕೆ ಒಂದಾಣೆ ಮೀರಬಾರದೆಂಬ ಮಿತಿ ಇತ್ತು. ಯೋಜನೆ ಬೇರೆ ಶಾಲೆಗಳಿಗೂ ಹಬ್ಬಿ ಮಕ್ಕಳ ಸಂಖ್ಯೆ ಏರಿತು. ಆದರೆ ಪ್ರಾಥಮಿಕ ಶಿಕ್ಷಣ ನಿಧಿಯಿಂದ ಊಟಕ್ಕೆ ವೆಚ್ಚ ಮಾಡಲು ಸರ್ಕಾರ ಒಪ್ಪದ್ದರಿಂದ 1925ರಲ್ಲಿ ಒಲೆ ಆರಿತು. 1927ರಲ್ಲಿ ಮತ್ತೆ ಹೊತ್ತಿತು. ಊಟವು ಶಿಕ್ಷಣದ ಭಾಗವೋ ಅಲ್ಲವೋ ಎಂಬ ವಾದ ಹೀಗೆ ಲೆಕ್ಕಪತ್ರದ ಕಲಮಿನಲ್ಲಿ ಹುಟ್ಟಿತು.

ಕರ್ನಾಟಕದಲ್ಲಿ 1987ರಲ್ಲಿ ಚುನಾಯಿತ ಜಿಲ್ಲಾ ಪರಿಷತ್ತುಗಳು, 1993ರ ಅಧಿನಿಯಮದ ನಂತರ ಮೂರು ಹಂತದ ಪಂಚಾಯತಿಗಳು ಶಾಲೆಯ ಹೊಣೆಯಲ್ಲಿ ಪಾಲು ಪಡೆದವು. ಪಾಠದ ಹರವೂ ಹಿಗ್ಗಿತು. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರಿಂದ ಮೊದಲಾದ ‘ನಲಿ-ಕಲಿ’ ಹಾಡು, ಆಟ, ಕಥೆಗಳನ್ನು ಕಲಿಕೆಯ ಒಳಕ್ಕೆ ತಂದಿತು. ಐಗಳ ಮಠದ ರಾಗವಾಚನಕ್ಕೆ ಇದು ದೂರದ ನಂಟು. ಆದರೆ ಅಲ್ಲಿದ್ದ ಬೆತ್ತ ಇಲ್ಲಿಲ್ಲ.

2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚನೆಯಾದವು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು, ಜೊತೆಗೆ ಅವಕಾಶವಂಚಿತ ವರ್ಗದ ಪೋಷಕರಿಗೆ ಸಂಖ್ಯೆಗೆ ತಕ್ಕ ಪ್ರಾತಿನಿಧ್ಯ ಇರಬೇಕೆಂದು ವಿಧಿಸಿತು. ಮಕ್ಕಳ ನಡುವೆ ಭೇದವೆಣಿಸದಂತೆ ನೋಡಿಕೊಳ್ಳುವುದನ್ನು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು ಸಾರಿತು. ಮಂಗಳೂರಿನಲ್ಲಿ ನಾಮಕರಣದಿಂದ ಇಬ್ಬರಿಗೆ ದೊರೆತದ್ದು ಇಲ್ಲಿ ಶಾಸನವಾಯಿತು.

2002ರ ಜೂನ್‌ನಲ್ಲಿ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಬಿಸಿಯೂಟದ ಯೋಜನೆ ಆರಂಭವಾದಾಗ ಅದಕ್ಕಿಟ್ಟ ಹೆಸರು ‘ಅಕ್ಷರ ದಾಸೋಹ’. ಶರಣರ ಪರಂಪರೆಯ ಈ ಮಾತಿನಲ್ಲಿ ಪಂಕ್ತಿಭೇದವಿಲ್ಲದ ಊಟವೆಂಬ ಅರ್ಥ ಅಡಗಿದೆ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆಯಿರಲೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಸೂಚಿಸಿತು. ಆದರೂ ದಲಿತ ಮಹಿಳೆ ಅಡುಗೆ ಮಾಡಿದಳೆಂಬ ಕಾರಣಕ್ಕೆ ಪೋಷಕರು ಮಕ್ಕಳನ್ನು ಊಟಕ್ಕೆ ಬಿಡದ ಪ್ರಸಂಗಗಳು ಕೆಲವು ಊರುಗಳಿಂದ ವರದಿಯಾದವು. ಜಗಲಿ ಹೋಗಿ ಅದರ ಜಾಗಕ್ಕೆ ಅಡುಗೆಕೋಣೆ ಬಂದಿತ್ತು. 2021ರ ಡಿಸೆಂಬರಿನಲ್ಲಿ ಅಪೌಷ್ಟಿಕತೆ ಹೆಚ್ಚಿದ್ದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ಆಕ್ಷೇಪವೆತ್ತಿದರು. ಮೊಟ್ಟೆ ಬೇಡವೆಂದವರಿಗೆ ಬಾಳೆಹಣ್ಣಿನ ವ್ಯವಸ್ಥೆಯಿತ್ತು. ಆಗ ಕೊಪ್ಪಳ ಜಿಲ್ಲೆಯ ಶಾಲಾ ಹುಡುಗಿಯರು ತಮಗೆ ಮೊಟ್ಟೆ ಬೇಕೆಂದು ಬಹಿರಂಗವಾಗಿ ಕೇಳಿದರು. 1856ರಲ್ಲಿ ಹುಡುಗನ ಪರವಾಗಿ ಅರ್ಜಿ ಹೋಗಿತ್ತು; ಇಲ್ಲಿ ಮಕ್ಕಳೇ ಬಾಯಿಬಿಟ್ಟು ಮಾತನಾಡಿದರು. ಮೊಟ್ಟೆ ನಿಲ್ಲಲಿಲ್ಲ, ಮುಂದಿನ ವರ್ಷ ಅದು ರಾಜ್ಯದ ಉಳಿದ ಜಿಲ್ಲೆಗಳ ಶಾಲೆಗಳಿಗೂ ಹೋಯಿತು.